ಕೊನೆಯ ಹದಿನೈದು ನಿಮಿಷ

ಪ್ರತಿ ವರ್ಷ ಯುಗಾದಿಯ ಹಿಂದಿನ ದಿನ ನಾನು ಐದು ಚಿತ್ರಗಳ ಪಟ್ಟಿ ಬರೆಯುತ್ತೇನೆ. ಉಳಿದವರು ಡಿಸೆಂಬರ್ ಕೊನೆಗೇ ಬರೆದು ಮುಗಿಸಿರುತ್ತಾರೆ. ನಮ್ಮ ಮನೆಯ ವರ್ಷ ಯುಗಾದಿಗೆ ಮುಗಿಯುತ್ತಿತ್ತು, ಹಾಗಾಗಿ ನನ್ನದು ಯಾವಾಗಲೂ ತಡ. ಪಟ್ಟಿಯನ್ನು ಫೋನಿನ ಗುಂಪಿಗೆ ಹಾಕಿದ ಹತ್ತು ನಿಮಿಷಕ್ಕೆ ಜಗಳ ಶುರುವಾಗುತ್ತದೆ. ಮಾಲೂರಿನ ಶಾಲೆಯಲ್ಲಿ ನನ್ನ ಜೊತೆ ಪಾಠ ಮಾಡುವ ಹುಡುಗಿಯರು, ನನ್ನ ಅರ್ಧ ವಯಸ್ಸಿನವರು, ಎಲ್ಲರೂ ಹೊಗಳಿದ ಚಿತ್ರವನ್ನೇ ಬಿಟ್ಟಿದ್ದೀರಲ್ಲ ಮೇಡಂ ಎಂದು ಈ ವರ್ಷವೂ ಮೇಲೆ ಬಿದ್ದರು. ಅದು ಚೆನ್ನಾಗಿಯೇ ಇತ್ತು. ಆದರೆ ನೋಡುತ್ತಿದ್ದಾಗ ಮನೆಗೆ ಯಾರೋ ಬಂದು ಕೊನೆಯ ಕಾಲು ಗಂಟೆ ತಪ್ಪಿಹೋಯಿತು, ಮತ್ತೆ ಕೂತು ನೋಡಲು ಆಗಲಿಲ್ಲ. ಕೊನೆಯವರೆಗೆ ನೋಡದ ಚಿತ್ರವನ್ನು ನಾನು ಪಟ್ಟಿಗೆ ಸೇರಿಸುವುದಿಲ್ಲ. ಟಾಕೀಸಿನಲ್ಲಿ ಲೈಟು ಹತ್ತಿ, ಹೆಸರುಗಳೆಲ್ಲ ಮುಗಿದು, ಗುಡಿಸುವವರು ಪೊರಕೆ ಹಿಡಿದು ಬಂದು ಏಳಮ್ಮ ಎನ್ನುವವರೆಗೂ ಕೂರುವ ಹೆಂಗಸು ನಾನು. ಜೊತೆಗೆ ಬಂದವರು ಹೊರಗೆ ಗಾಡಿ ಹತ್ತಿರ ನಿಂತು ಬೈದುಕೊಳ್ಳುತ್ತಿರುತ್ತಾರೆ. ಬೈದುಕೊಳ್ಳಲಿ. ಒಂದು ಚಿತ್ರದ ಕೊನೆಯ ಕಾಲು ಗಂಟೆಯಿಂದ ಏನೇನು ಆಗಬಹುದು ಎಂಬುದನ್ನು ಹನ್ನೊಂದನೆಯ ವಯಸ್ಸಿಗೇ ಕಂಡವಳು ನಾನು.

ಮುಳಬಾಗಿಲಿನ ಆಚೆ, ನಂಗಲಿಯಿಂದ ಮೂರು ಮೈಲಿ ಒಳಗಿದ್ದ ಊರು ನಮ್ಮದು. ಮನೆಯ ಮುಂದಿನ ಅಂಕಣವೇ ಹಿಟ್ಟಿನ ಗಿರಣಿ. ಊರಿನವರು ಅದನ್ನು ಮಿಷನ್ನು ಎನ್ನುತ್ತಿದ್ದರು, ನಮ್ಮನ್ನು ಮಿಷನ್ ಮನೆಯವರು ಎನ್ನುತ್ತಿದ್ದರು. ಗಿರಣಿಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ, ಒಂದೇ ಬಾಗಿಲು. ಮಿಷನ್ನು ಓಡುವಾಗ ಗೂಡಿನಲ್ಲಿಟ್ಟ ಲೋಟಗಳು ತಾವೇ ಜರುಗಿಕೊಂಡು ಅಂಚಿಗೆ ಬರುತ್ತಿದ್ದವು. ಅಮ್ಮ ಮುದ್ದೆ ತಿರುವುತ್ತಲೇ ನಡುನಡುವೆ ಕೈ ಚಾಚಿ ಅವನ್ನು ಹಿಂದಕ್ಕೆ ತಳ್ಳುತ್ತಿದ್ದಳು. ಎಷ್ಟು ಗುಡಿಸಿದರೂ ಹಾಸಿಗೆಯ ಮೇಲೆ, ದೇವರ ಪಟದ ಮೇಲೆ, ಅಜ್ಜಿಯ ಹುಬ್ಬಿನ ಮೇಲೆ ರಾಗಿ ಹಿಟ್ಟು. ಮಾತೆಲ್ಲ ಕೂಗಿಯೇ ಆಡಬೇಕು. ಆ ಮನೆಯಲ್ಲಿ ಯಾವುದು ಜಗಳ, ಯಾವುದು ಬರೀ ಜೋರು ಮಾತು ಎಂದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ನಮಗೆ ಚೆನ್ನಾಗಿ ತಿಳಿಯುತ್ತಿತ್ತು. ಅಮ್ಮನದು ಮೆಲ್ಲಗಿನ ದನಿ. ಮಿಷನ್ನಿನ ಜೊತೆ ಪೈಪೋಟಿ ಮಾಡುವುದು ಅವಳಿಗೆ ಆಗುತ್ತಿರಲಿಲ್ಲವಾದ್ದರಿಂದ ಅದು ಓಡುವಷ್ಟು ಹೊತ್ತು ಅವಳು ಬಾಯಿ ಬಿಡುತ್ತಲೇ ಇರಲಿಲ್ಲ. ಮಿಷನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಓಡುತ್ತಿತ್ತು.

ಗುರುವಾರ ಮಾತ್ರ ರಜೆ. ಅಂದು ಅಪ್ಪ ತಲೆಯ ಹಿಟ್ಟನ್ನೆಲ್ಲ ತೊಳೆದು, ಇಸ್ತ್ರಿ ಅಂಗಿ ಹಾಕಿಕೊಂಡು ಮುಳಬಾಗಿಲಿಗೆ ಹೋಗಿ ಮಧ್ಯಾಹ್ನದ ಆಟ ನೋಡಿ ಬರುತ್ತಿದ್ದ. ಶುಕ್ರವಾರ ಸಂಜೆ ಮಿಷನ್ನು ನಿಂತಮೇಲೆ ಹಿಟ್ಟು ಬೀಸಿಸಲು ಬಂದವರಿಗೆ ಅದರ ಕಥೆ. ಗಡಿಯ ಆಚೆಯಿಂದಲೂ ಜನ ಬರುತ್ತಿದ್ದರಾಗಿ ಒಂದೇ ಕಥೆಯನ್ನು ಕನ್ನಡದಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ ಹೇಳುತ್ತಿದ್ದ. ಅಪ್ಪ ಕಥೆ ಹೇಳಿದರೆ ಬೀಸಿ ಮುಗಿದ ಹಿಟ್ಟು ಡಬ್ಬದಲ್ಲಿ ಆರುತ್ತಿದ್ದರೂ ಯಾರೂ ಏಳುತ್ತಿರಲಿಲ್ಲ. ಒಂದೇ ಕಥೆ ಎರಡು ಭಾಷೆಯಲ್ಲಿ ಎರಡು ಹೆಸರಿನಲ್ಲಿ ಬರುತ್ತಿದ್ದುದರಿಂದ ಗೊಂದಲ ಬೇಡವೆಂದು ಚಿತ್ರಗಳಿಗೆ ಅಪ್ಪನೇ ಹೆಸರಿಟ್ಟಿದ್ದ: ಇಬ್ಬರು ಅಳಿಯಂದಿರದು, ರೈಲು ತಪ್ಪಿದ್ದು, ಕುರುಡಿ ಹಾಡೋದು. ಯುಗಾದಿಗೆ ಮುಂಚೆ ಗಿರಣಿಗೆ ಸುಣ್ಣ ಬಳಿಸಿ, ಹಬ್ಬದ ಹಿಂದಿನ ಸಂಜೆ ಊರಿನವರ ಮುಂದೆ ಆ ಬಿಳಿ ಗೋಡೆಯ ಮೇಲೆ ವರ್ಷದ ಐದು ಚಿತ್ರಗಳ ಹೆಸರನ್ನು ಕೆಮ್ಮಣ್ಣಿನಲ್ಲಿ ಬರೆಯುತ್ತಿದ್ದ. ಐದನೆಯದರಿಂದ ಶುರುಮಾಡಿ ಮೇಲಕ್ಕೆ, ಒಂದೊಂದರ ಕಥೆಯನ್ನೂ ಕೊನೆಯನ್ನೂ ಇನ್ನೊಮ್ಮೆ ಹೇಳುತ್ತ. ಆ ಪಟ್ಟಿ ಮುಂದಿನ ಸುಣ್ಣದವರೆಗೆ ಗೋಡೆಯ ಮೇಲೆ ಇರುತ್ತಿತ್ತು. ಅಪ್ಪನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಊರಿನಲ್ಲಿ ಬೇರೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅಮ್ಮ ಮದುವೆಯಾಗಿ ಬಂದಮೇಲೆ ಟಾಕೀಸಿನ ಮುಖ ನೋಡಿರಲಿಲ್ಲ. ಅಜ್ಜಿ, ಅಂದರೆ ಅಪ್ಪನ ತಾಯಿ, ಮನೆಯ ಸೊಸೆ ಕತ್ತಲಲ್ಲಿ ಗುರುತಿಲ್ಲದವರ ಪಕ್ಕ ಕೂರುವುದು ಕೂಡದು ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಳು. ಹಾಗೆಂದ ಅಜ್ಜಿ ಶುಕ್ರವಾರ ಅಪ್ಪನ ಕಥೆ ಕೇಳಲು ಎಲ್ಲರಿಗಿಂತ ಮುಂದೆ ಚಾಪೆ ಹಾಕಿಕೊಳ್ಳುತ್ತಿದ್ದಳು. ಅಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ಕೇಳುತ್ತಿದ್ದಳು, ಕೈಯಲ್ಲಿ ಏನಾದರೊಂದು ಕೆಲಸ ಇಟ್ಟುಕೊಂಡು.

ಆ ವರ್ಷ ಬೇಸಿಗೆ ಶುರುವಾಗುವಾಗ ಅಮ್ಮನಿಗೆ ದವಡೆ ಹಲ್ಲಿನ ನೋವು ಹತ್ತಿಕೊಂಡಿತು. ಲವಂಗ ಅರೆದು ಇಟ್ಟರೂ ಬಗ್ಗಲಿಲ್ಲ, ಕೆನ್ನೆ ಊದಿತು. ಒಂದು ಮಂಗಳವಾರ ಅಪ್ಪ ಗಿರಣಿ ಬಿಡಲು ಆಗದೆ, ಶಾಲೆ ತಪ್ಪಿಸಿ ನನ್ನನ್ನು ಜೊತೆ ಮಾಡಿ ಮುಳಬಾಗಿಲಿಗೆ ಕಳಿಸಿದ. ಹಲ್ಲಿನ ಡಾಕ್ಟರು ಒಂದೇ ಗಂಟೆಯಲ್ಲಿ ಕಿತ್ತು, ಬಾಯಿಗೆ ಹತ್ತಿ ತುರುಕಿ, ಎರಡು ಗಂಟೆ ಬಾಯಿ ತೆಗೆಯಬೇಡಿ ಎಂದರು. ಊರಿಗೆ ಕೊನೆಯ ಬಸ್ಸು ಐದಕ್ಕೆ. ಬಿಸಿಲಿನಲ್ಲಿ ಎಲ್ಲಿ ಕೂರುವುದೆಂದು ನೋಡುತ್ತ ಟಾಕೀಸಿನ ಮುಂದೆ ಬಂದೆವು. ಅಮ್ಮ ಗೋಡೆಯ ಚಿತ್ರಗಳನ್ನು ನೋಡುತ್ತ ನಿಂತಳು. ಆಮೇಲೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಹೆಂಗಸರ ಸಾಲಿಗೆ ನಡೆದಳು. ಮಾತಿಲ್ಲ, ಬಾಯಿ ತುಂಬ ಹತ್ತಿ. ಒಳಗೆ ಹೋಗಿ ಕೂತಮೇಲೆ ಕಣ್ಣಿನಲ್ಲೇ ನನಗೆ ಹೇಳಿದಳು: ಮನೆಯಲ್ಲಿ ಉಸಿರು ಬಿಟ್ಟೀಯ, ಜೋಕೆ.

ಗಂಡ ಬಿಟ್ಟು ಹೋದ ಒಬ್ಬ ಹೆಂಗಸು ಬಸ್‌ ನಿಲ್ದಾಣದಲ್ಲಿ ಹೂ ಮಾರಿ ಮಗುವನ್ನು ಸಾಕುವ ಕಥೆ ಅದು. ದೊಡ್ಡ ಹೊಡೆದಾಟವಿಲ್ಲ, ಕುಣಿತವಿಲ್ಲ. ಅಮ್ಮ ಹತ್ತಿ ಕಚ್ಚಿಕೊಂಡೇ ನಕ್ಕಳು, ಹತ್ತಿ ಕಚ್ಚಿಕೊಂಡೇ ಅತ್ತಳು. ಐದಕ್ಕೆ ಐದು ನಿಮಿಷವಿರುವಾಗ ನಾನು ಅವಳ ತೋಳು ಜಗ್ಗಿ ಬಸ್ಸು ಎಂದೆ. ತೆರೆಯ ಮೇಲೆ ಆಗಷ್ಟೇ ಗಂಡ ವಾಪಸು ಬಂದು, ಕೈಯಲ್ಲೊಂದು ಚೀಲ ಹಿಡಿದು ಗೇಟಿನ ಆಚೆ ನಿಂತಿದ್ದ. ಅಮ್ಮ ನನ್ನ ಕೈಯನ್ನು ಮಡಿಲಲ್ಲಿ ಒತ್ತಿ ಹಿಡಿದಳು, ಏಳಲಿಲ್ಲ. ಗಂಡ ಕ್ಷಮೆ ಕೇಳಿದ. ಅವಳು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಕೊಟ್ಟಳು. ಕುಡಿಯುವವರೆಗೆ ನಿಂತಿದ್ದಳು. ತಂಬಿಗೆ ವಾಪಸು ತೆಗೆದುಕೊಂಡಳು, ಗೇಟಿಗೆ ಅಗುಳಿ ಹಾಕಿದಳು, ನಮಗೆ ಬೆನ್ನು ತೋರಿಸಿಕೊಂಡು ಒಳಗೆ ನಡೆದಳು. ಅಷ್ಟೇ. ಲೈಟು ಹತ್ತಿತು. ಟಾಕೀಸಿನಲ್ಲಿ ಆಟ ಮುಗಿದು ಲೈಟು ಹತ್ತುವುದನ್ನು ನಾನು ಅದೇ ಮೊದಲು ನೋಡಿದ್ದು. ಅಮ್ಮನ ಕೆನ್ನೆ ಇಷ್ಟು ದಪ್ಪ, ಮೂಗು ಕೆಂಪು, ಆದರೂ ಅವಳು ಅಷ್ಟು ಚೆಂದ ಕಂಡದ್ದು ನನಗೆ ನೆನಪಿಲ್ಲ.

ಬಸ್ಸು ಹೋಗಿತ್ತು. ಟಾಕೀಸಿನ ಗೇಟಿನ ಮುಂದೆ ದಿಕ್ಕು ತೋಚದೆ ನಿಂತಿದ್ದಾಗ ನಮ್ಮೂರಿನ ಚಲಪತಿಯ ಟೆಂಪೋ ಬಂತು, ಕೋಲಾರದ ಮಂಡಿಗೆ ಟೊಮೊಟೊ ಹಾಕಿ ಖಾಲಿ ಕ್ರೇಟುಗಳೊಂದಿಗೆ. ಅವನು ಅಮ್ಮನನ್ನು ತೆಲುಗಿನಲ್ಲಿ ವದಿನ, ಅಂದರೆ ಅತ್ತಿಗೆ ಎನ್ನುತ್ತಿದ್ದ. ಹತ್ತಿಸಿಕೊಂಡ, ಟಾಕೀಸಿನ ಕಡೆ ಒಮ್ಮೆ ನೋಡಿದ, ಏನೂ ಕೇಳಲಿಲ್ಲ. ಮನೆಯಲ್ಲಿ ನಾನೇ ಡಾಕ್ಟರು ತಡ ಮಾಡಿದರು ಎಂದೆ. ಅಮ್ಮ ಬಾಯಿಯ ಹತ್ತಿ ತೋರಿಸಿ ತಲೆಯಾಡಿಸಿದಳು. ಅಜ್ಜಿ ಗಂಜಿ ಕಾಯಿಸಿ ಕೊಟ್ಟಳು. 

ಅದೇ ಗುರುವಾರ ಅಪ್ಪ ಅದೇ ಚಿತ್ರಕ್ಕೆ ಹೋಗಿಬಂದ. ಶುಕ್ರವಾರ ಹೂವಿನ ಹೆಂಗಸಿನದು ಎಂದು ಹೆಸರಿಟ್ಟು ಶುರುಮಾಡಿದ. ಕೇಳುತ್ತ ಕೇಳುತ್ತ ನಾನು ಇನ್ನೊಂದು ಸಲ ನೋಡಿದಂತೆ ಆಯಿತು, ಅಷ್ಟು ಚೆನ್ನಾಗಿ ಹೇಳಿದ. ಗಂಡ ಗೇಟಿನ ಹೊರಗೆ ಬಂದು ನಿಂತ ಎಂದ. ಆಮೇಲೆ, ಅವಳು ಓಡಿಬಂದು ಕಾಲಿಗೆ ಬಿದ್ದಳು, ಕಣ್ಣೀರಿನಲ್ಲಿ ಪಾದ ತೊಳೆದಳು, ಆರತಿ ಎತ್ತಿ ಒಳಗೆ ಕರೆದುಕೊಂಡಳು, ಮೂರು ಜನವೂ ಒಂದೇ ತಟ್ಟೆಯಲ್ಲಿ ಊಟ ಮಾಡಿದರು ಎಂದ. ನಾನು ಅಡುಗೆಮನೆಯ ಬಾಗಿಲ ಕಡೆ ನೋಡಿದೆ. ಅಮ್ಮ ನನ್ನನ್ನು ನೋಡುತ್ತಿದ್ದಳು.

ಅರ್ಥವಾಗಲು ನನಗೆ ಒಂದು ದಿನ ಹಿಡಿಯಿತು. ಕೊನೆಯ ಬಸ್ಸು ಐದಕ್ಕೆ. ಆಟ ಬಿಡುವುದು ಐದೂ ಕಾಲಿಗೆ. ಅಪ್ಪ ಒಂದು ಚಿತ್ರದ ಕೊನೆಯನ್ನೂ ನೋಡಿರಲಿಲ್ಲ. ನಮ್ಮೂರಿನಿಂದ ಹೋದ ಯಾರೂ ನೋಡಿರಲಿಲ್ಲ, ಎಲ್ಲರಿಗೂ ಅದೇ ಬಸ್ಸು. ಉಳಿದವರು ಕೊನೆಗಾಗಿ ಶುಕ್ರವಾರದವರೆಗೆ ಕಾಯುತ್ತಿದ್ದರು. ಮಿಷನ್ ಮನೆಯವನು ಹೇಗೋ ತಿಳಿದುಕೊಂಡು ಬಂದಿರುತ್ತಾನೆ ಎಂದು ನಂಬಿದ್ದರು. ಅಪ್ಪನ ಜೊತೆ ಬಸ್ಸಿನಲ್ಲಿ ಬಂದವರು, ಅವನು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡರೆ ನಂಗಲಿಯವರೆಗೆ ಮಾತಾಡುವುದಿಲ್ಲ ಎನ್ನುತ್ತಿದ್ದರು. ಆಗಲೇ ಅವನು ಕೊನೆಗಳನ್ನು ಕಟ್ಟುತ್ತಿದ್ದದ್ದು. ನಾನು ಗೋಡೆಯ ಮೇಲಿನ ಹಳೆಯ ಐದು ಹೆಸರುಗಳ ಮುಂದೆ ನಿಂತು ಒಂದೊಂದರ ಕೊನೆಯನ್ನೂ ನೆನಪಿಸಿಕೊಂಡೆ. ಎಲ್ಲದರಲ್ಲೂ ಹೆಂಗಸು ಕಾಲಿಗೆ ಬಿದ್ದಿದ್ದಳು. ಅಪ್ಪನ ಮೇಲೆ ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಅವನ ಗುಟ್ಟು ಯಾರಿಗಾದರೂ ತಿಳಿದುಬಿಟ್ಟರೆ ಎಂದು ಹೆದರಿಕೆ ಬಂತು.

ಇದು ಬರೀ ಕಥೆಯಾಗಿ ಉಳಿದಿದ್ದರೆ ನಾನೂ ಅಮ್ಮನೂ ನುಂಗಿಕೊಂಡಿರುತ್ತಿದ್ದೆವು. ಚಲಪತಿಗೆ ರತ್ನಕ್ಕ ಎಂಬ ತಂಗಿ ಇದ್ದಳು, ನಮ್ಮ ಹಿಂದಿನ ಬೀದಿಯಲ್ಲೇ ತಾಯಿಯ ಹಳೆಯ ಮನೆಯಲ್ಲಿ ಪುಟ್ಟ ಮಗಳೊಂದಿಗೆ. ಗಂಡ ಇನ್ನೊಬ್ಬಳ ಹಿಂದೆ ಪಲಮನೇರು ಕಡೆ ಹೋಗಿ ಮೂರು ವರ್ಷವಾಗಿತ್ತು. ಈಗ ಆ ಸಂಬಂಧ ಮುರಿದು, ಹೆಂಡತಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿಕಳಿಸಿದ್ದ. ರತ್ನಕ್ಕ ಒಲ್ಲೆ ಎಂದಿದ್ದಳು. ಚಲಪತಿಗೆ ಬೆಳೆದ ಮಗಳಿದ್ದಳು. ಗಂಡ ಬಿಟ್ಟವಳು ಇರುವ ಮನೆಯಿಂದ ಹೆಣ್ಣು ಯಾರು ತರುತ್ತಾರೆ ಎಂಬ ಚಿಂತೆ ಅವನಿಗೆ. ಅಪ್ಪನ ಕಥೆ ಕೇಳಿದ ದಿನದಿಂದ ಅವನಿಗೂ ಅಜ್ಜಿಗೂ ಅದೇ ಮಾತು. ಹಿಟ್ಟು ಬೀಸಿಸಲು ಬಂದಾಗಲೆಲ್ಲ ರತ್ನಕ್ಕನನ್ನು ಕೂರಿಸಿಕೊಂಡು ಅಜ್ಜಿ ಹೇಳುತ್ತಿದ್ದಳು:

"ಆ ಹೂವಿನ ಹೆಂಗಸು ನಿನಗಿಂತ ಕಷ್ಟ ಪಟ್ಟಿದ್ಲು ಕಣೇ. ಆದ್ರೂ ಗಂಡ ಬಾಗಿಲಿಗೆ ಬಂದ ಅಂದ ತಕ್ಷಣ ಎಲ್ಲಾ ಮರೆತು ಕಾಲಿಗೆ ಬಿದ್ಲಲ್ಲ! ಅವಳದು ಹೆಣ್ಣು ಜನ್ಮ ಅಲ್ವಾ?"

ರತ್ನಕ್ಕ ಮೊದಮೊದಲು ಎದುರು ಮಾತಾಡುತ್ತಿದ್ದಳು. ಆಮೇಲೆ ಸುಮ್ಮನಾದಳು. ಯುಗಾದಿಗೆ ನಾಲ್ಕು ದಿನವಿರುವಾಗ, ಹಬ್ಬದ ಮಾರನೆಯ ದಿನ ವರ್ಷತೊಡಕಿಗೆ ಗಂಡ ಬರುವುದು, ಅವಳು ಹೊರಡುವುದು ಎಂದು ಗೊತ್ತಾಯಿತು. ಅಮ್ಮ ಅಂದು ಸಾರಿಗೆ ಉಪ್ಪು ಹಾಕುವುದನ್ನು ಮರೆತಳು. ನನ್ನನ್ನು ಹಿತ್ತಿಲಿಗೆ ಕರೆದು ಏನೋ ಹೇಳಲು ಬಾಯಿ ತೆಗೆದು, ಹೋಗು ಓದ್ಕೋ ಹೋಗು ಎಂದಳು.

ಹಬ್ಬದ ಹಿಂದಿನ ಸಂಜೆ ಗಿರಣಿ ತುಂಬಿತ್ತು. ಹೊಸ ಸುಣ್ಣದ ವಾಸನೆ, ಬಾಗಿಲಿಗೆ ಆಗಲೇ ಕಟ್ಟಿದ ಮಾವಿನ ತೋರಣ. ಅಜ್ಜಿ ಮುಂದಿನ ಚಾಪೆಯಲ್ಲಿ, ಅವಳ ಪಕ್ಕದಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ರತ್ನಕ್ಕ. ಚಲಪತಿ ಬಾಗಿಲ ಚೌಕಟ್ಟಿಗೆ ಒರಗಿದ್ದ. ಅಮ್ಮ ಹೋಳಿಗೆಗೆ ಆರಿಸುತ್ತಿದ್ದ ಬೇಳೆಯನ್ನು ಮೊರದಲ್ಲಿ ಹಿಡಿದು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಿದ್ದಳು. ಅಪ್ಪ ಈಚಲ ಕಡ್ಡಿಯನ್ನು ಜಜ್ಜಿ ಮಾಡಿದ ಕುಂಚದಲ್ಲಿ ಐದು, ನಾಲ್ಕು, ಮೂರು, ಎರಡು ಬರೆದ. ಒಂದೊಂದಕ್ಕೂ ಜನ ಹೌದು ಹೌದು ಎಂದರು. ಆಮೇಲೆ ಎಲ್ಲಕ್ಕಿಂತ ಮೇಲೆ ಒಂದು ಎಂದು ಬರೆದು, ಕುಂಚವನ್ನು ಕೆಮ್ಮಣ್ಣಿನಲ್ಲಿ ಅದ್ದಿಕೊಂಡು ಜನರ ಕಡೆ ತಿರುಗಿದ.

"ಯಾವ್ದು ಅಂತ ನಿಮ್ಗೇ ಗೊತ್ತು," ಅಂದ.

"ಹೂವಿನ ಹೆಂಗಸಿಂದು!" ಎಂದರು ಜನ.

"ಹೇಳಣ್ಣಾ," ಎಂದ ಚಲಪತಿ. "ಆ ಲಾಸ್ಟ್ ಸೀನು ಇನ್ನೊಂದ್ಸಲ ಹೇಳು. ನಮ್ಮ ರತ್ನ ಕೇಳ್ಲಿ."

ಅಪ್ಪ ಹೇಳಿದ. ಗಂಡ ಬಂದು ಗೇಟಿನ ಆಚೆ ನಿಂತ ಎಂದ. ಹೂವಿನ ಬುಟ್ಟಿ ಕೈಯಿಂದ ಬಿತ್ತು ಎಂದ, ಅದು ಹೊಸದಾಗಿ ಸೇರಿಸಿದ್ದು. ಕಾಲಿಗೆ ಬಿದ್ದಳು ಎಂದು ಅವನು ಬಾಯಿ ತೆಗೆಯುವಷ್ಟರಲ್ಲಿ ನನ್ನ ಗಂಟಲಿನಿಂದ ಮಾತು ಹೊರಟುಬಿಟ್ಟಿತು.

"ಅಪ್ಪಾ, ಹಂಗಲ್ಲ ಅದು."

ಎಲ್ಲರೂ ತಿರುಗಿದರು. ಅಪ್ಪ ನಗುತ್ತಲೇ ಕೇಳಿದ:

"ಮತ್ತೆ ಹೆಂಗಮ್ಮಾ?"

 ಅಜ್ಜಿ ಕಣ್ಣು ಕಿರಿದು ಮಾಡಿಕೊಂಡಳು.

"ನಿಂಗೆ ಯಾರೇ ಹೇಳಿದ್ದು ಪದ್ದಿ?"

"ಸ್ಕೂಲಲ್ಲಿ... ಯಾರೋ."

"ಯಾರು ಅಂತ ಕೇಳಿದ್ದು."

"ಗೊತ್ತಿಲ್ಲ. ಸುಮ್ನೆ ಅಂದೆ."

ಜನ ಗೊಳ್ಳೆಂದು ನಕ್ಕರು. ರತ್ನಕ್ಕ ಮಾತ್ರ ನಗಲಿಲ್ಲ. ಏನೋ ಸಿಕ್ಕೀತು ಎಂಬಂತೆ ನನ್ನ ಮುಖವನ್ನೇ ನೋಡುತ್ತಿದ್ದವಳು ಸುಮ್ನೆ ಅಂದೆ ಎಂದ ಮೇಲೆ ತಲೆ ತಗ್ಗಿಸಿ ಮಗುವಿನ ಅಂಗಿಯ ಗುಂಡಿ ಹಾಕತೊಡಗಿದಳು. ಜೀವನದಲ್ಲಿ ನಾನು ಬೇರೆ ಸುಳ್ಳುಗಳನ್ನೂ ಹೇಳಿದ್ದೇನೆ. ಅದೊಂದು ಮಾತ್ರ ಈಗಲೂ ನೆನಪಾದರೆ ಕಿವಿ ಬಿಸಿಯಾಗುತ್ತದೆ. ಅಪ್ಪ ಗೋಡೆಯ ಕಡೆ ತಿರುಗಿ ಕುಂಚ ಎತ್ತಿದ.

"ಆ ಯಮ್ಮ ಕಾಲಿಗೆ ಬೀಳಲ್ಲ," ಎಂದಳು ಅಮ್ಮ.

ಮಿಷನ್ನು ನಿಂತಿದ್ದ ಕಾರಣ ಅಷ್ಟು ಮೆಲ್ಲಗಿನ ಮಾತೂ ಎಲ್ಲರಿಗೂ ಕೇಳಿಸಿತು. ಅಜ್ಜಿ ಚಾಪೆಯಲ್ಲೇ ಹಿಂದಕ್ಕೆ ತಿರುಗಿದಳು.

"ಏನಂದೆ?"

"ಕಾಲಿಗೆ ಬೀಳಲ್ಲ ಅಂದೆ ಅತ್ತೆ. ನೀರು ತಂದು ಕೊಡ್ತಾಳೆ. ಅವನು ಕುಡಿಯೋ ತನಕ ನಿಂತಿರ್ತಾಳೆ. ತಂಬಿಗೆ ಈಸ್ಕೊಂಡು ಗೇಟಿಗೆ ಅಗುಳಿ ಹಾಕ್ಕೊಂಡು ಒಳಗೆ ಹೋಗ್ತಾಳೆ. ಅಷ್ಟೇ. ಆಮೇಲೆ ಲೈಟ್ ಹಾಕ್ತಾರೆ."

 ಅಲ್ಲಿದ್ದವರಲ್ಲಿ ಹತ್ತಾರು ಜನ ನೂರು ಚಿತ್ರ ನೋಡಿದವರು. ಆಟ ಮುಗಿದು ಲೈಟು ಹತ್ತಿದ್ದನ್ನು ಒಬ್ಬರೂ ನೋಡಿರಲಿಲ್ಲ.

"ನೀನು ಯಾವಾಗ ನೋಡ್ದೆ?" ಎಂದಳು ಅಜ್ಜಿ.

"ಹಲ್ಲು ಕೀಳಿಸಿದ ದಿನ."

"ವದಿನಾ, ನಾನು ಬಾಯಿ ಮುಚ್ಕೊಂಡಿದ್ದೆ," ಎಂದ ಚಲಪತಿ. ಮುಖ ಕಪ್ಪಿಟ್ಟಿತ್ತು. "ಟಾಕೀಸ್ ಮುಂದೆ ಹತ್ತಿಸಿಕೊಂಡಿದ್ದು ಯಾರ ಹತ್ರಾನೂ ಹೇಳಿಲ್ಲ ನಾನು. ಅದಕ್ಕೆ ನೀನು ಮಾಡೋದು ಇದಾ? ನನ್ ತಂಗಿ ಸಂಸಾರ ಸರಿ ಹೋಗೋ ಹೊತ್ನಲ್ಲಿ ಬಂದು..."

"ಸುಳ್ಳು ಹೇಳಿ ಕಳಿಸ್ಬೇಡಿ ಅಂದೆ ಚಲಪತಿ, ಅಷ್ಟೇ. ಹೋಗೋದು ಬಿಡೋದು ಅವಳಿಷ್ಟ."

ಅಮ್ಮನ ಕೈಯಲ್ಲಿದ್ದ ಮೊರ ವಾಲಿ ಬೇಳೆ ನೆಲಕ್ಕೆ ಉದುರುತ್ತಿತ್ತು. ಜನರೆಲ್ಲ ಈಗ ಅಪ್ಪನನ್ನು ನೋಡುತ್ತಿದ್ದರು. ಅಪ್ಪ ಗೋಡೆಗೆ ಮುಖ ಮಾಡಿ ನಿಂತವನು ತಿರುಗಲೇ ಇಲ್ಲ. ಹಿಂದಿನಿಂದ ಒಬ್ಬ ಮುದುಕ ಮೆಲ್ಲಗೆ ಕೇಳಿದ:

"ಹಂಗಾದ್ರೆ ಆ ಇಬ್ಬರು ಅಳಿಯಂದಿರದು? ಅದ್ರಲ್ಲಿ ಮಾವ ಬದುಕ್ತಾನೋ ಇಲ್ವೋ?"

ಯಾರೂ ನಗಲಿಲ್ಲ. ಅಪ್ಪ ಕುಂಚವನ್ನು ಕೆಮ್ಮಣ್ಣಿನ ಚಿಪ್ಪಿನೊಳಗೆ ಇಟ್ಟ.

"ಗೊತ್ತಿಲ್ಲ," ಅಂದ. "ಐದು ಗಂಟೆ ಬಸ್ಸಿಗೆ ಎದ್ದು ಬಂದ್ಬಿಟ್ಟಿದ್ದೆ. ಎಲ್ಲಾದಕ್ಕೂ ಹಂಗೇ."

ಒಬ್ಬೊಬ್ಬರಾಗಿ ಎದ್ದು ಹೋದರು. ಗೋಡೆಯ ಮೇಲೆ ಒಂದು ಎಂಬ ಅಂಕಿಯ ಮುಂದೆ ಜಾಗ ಖಾಲಿ ಉಳಿಯಿತು. ರತ್ನಕ್ಕ ಮಗುವನ್ನು ಹೆಗಲಿಗೆ ಹಾಕಿಕೊಂಡು, ಅಣ್ಣ ಕರೆದರೂ ನಿಲ್ಲದೆ ಒಬ್ಬಳೇ ನಡೆದಳು. ನಾನು ಅಮ್ಮನ ಜೊತೆ ಕೂತು ನೆಲದ ಮೇಲಿನ ಬೇಳೆ ಆರಿಸಿದೆ.  ಅವಳು ಬೈದಿದ್ದರೆ ಚೆನ್ನಾಗಿತ್ತು.

ಅಂಥ ಯುಗಾದಿಯನ್ನು ನಾನು ಮತ್ತೆ ಕಂಡಿಲ್ಲ. ಎಣ್ಣೆ ಹಚ್ಚಿಸಿಕೊಂಡು ಸ್ನಾನ ಮಾಡಿ, ಬೇವು ಬೆಲ್ಲ ತಿಂದು, ಎಲೆಯ ಮುಂದೆ ಕೂತೆವು. ಅಮ್ಮ ಬಡಿಸಿದ ಹೋಳಿಗೆಯನ್ನು ಅಜ್ಜಿ ಮುಟ್ಟದೆ ಹಾಗೇ ಎಲೆ ಮಡಿಸಿದಳು. ಅಪ್ಪ ಉಂಡ, ಆದರೆ ತಲೆ ಎತ್ತಲಿಲ್ಲ. ಅಮ್ಮನ ಮೇಲೆ ಅವನು ಕೈ ಮಾಡಬಹುದೆಂದು ನಾನು ಬೆಳಿಗ್ಗೆಯಿಂದ ಹೆದರಿಕೊಂಡಿದ್ದೆ. ಹಾಗೆ ಮಾಡುವ ಮನುಷ್ಯನಲ್ಲ ಅವನು. ಆದರೂ ಅಂದು ಅವನು ಯಾವ ಮನುಷ್ಯ ಎಂದು ನನಗೆ ತಿಳಿಯುತ್ತಿರಲಿಲ್ಲ. ಮಧ್ಯಾಹ್ನ ಗಿರಣಿಗೆ ಹೋಗಿ, ಬೀಸುವುದಕ್ಕೆ ಏನೂ ಇಲ್ಲದಿದ್ದರೂ ಸವೆದ ಬೀಸುಕಲ್ಲು ಬಿಚ್ಚಿ ಉಳಿಯಿಂದ ಕುಳಿ ಹಾಕುತ್ತ ಕೂತ. ಉಳಿಯ ಸದ್ದು ಸಂಜೆಯವರೆಗೂ ಕೇಳುತ್ತಿತ್ತು.

ಮಾರನೆಯ ದಿನ ವರ್ಷತೊಡಕು. ಬೆಳಿಗ್ಗೆಯೇ ಮಿಷನ್ನು ಓಡಿತು, ಜನ ಬಂದರು, ಯಾರೂ ಕಥೆ ಕೇಳಲಿಲ್ಲ. ಹೊತ್ತೇರುವಾಗ ರತ್ನಕ್ಕ ರಾಗಿ ಡಬ್ಬ ತಂದಳು. ಅಪ್ಪ ಅದನ್ನು ಮೇಲಿನ ತೊಟ್ಟಿಗೆ ಸುರಿದ. ಅವಳು ಅಡುಗೆಮನೆಯ ಬಾಗಿಲಿಗೆ ಹೋಗಿ ಅಮ್ಮನಿಗೆ ಏನೋ ಹೇಳಿದಳು. ಅಮ್ಮನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. ಅಮ್ಮ ಕಿವಿಗೆ ಕೈ ಇಟ್ಟಳು. ಆಗ ಅಪ್ಪ ಸ್ವಿಚ್ಚು ಆರಿಸಿದ. ಕಾಳು ಅರ್ಧ ಬಿದ್ದಿರುವಾಗ ಮಿಷನ್ನು ನಿಲ್ಲಿಸಿದರೆ ಕಲ್ಲು ಕಚ್ಚಿಕೊಳ್ಳುತ್ತದೆ, ಬೆಲ್ಟು ಬಿಚ್ಚಿ ಎಲ್ಲ ಮೊದಲಿನಿಂದ ಮಾಡಬೇಕು. ನನಗೆ ತಿಳಿದಂತೆ ಅವನು ಯಾರಿಗಾಗಿಯೂ ಹಾಗೆ ನಿಲ್ಲಿಸಿದವನಲ್ಲ. ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು.

"ಅಗುಳಿ ಹಾಕಿದ್ಮೇಲೆ ಅವಳ ಮುಖ ಹೆಂಗಿತ್ತಕ್ಕಾ?" ಎಂದು ಕೇಳುತ್ತಿದ್ದಳು ರತ್ನಕ್ಕ.

ಅಮ್ಮ ತುಸು ಯೋಚಿಸಿದಳು.

"ಕಾಣಿಸ್ಲಿಲ್ಲ ಕಣೇ ರತ್ನ. ಬೆನ್ನು ಮಾತ್ರ ತೋರಿಸಿದ್ರು."

ರತ್ನಕ್ಕ ಹೂಂ ಎಂದಳು. ಬಿಸಿಲು ನೋಡಿದಳು, ಅವನು ಬರುವ ಹೊತ್ತಾಯಿತು ಎಂದು ಹಿಟ್ಟಿಗೆ ಕಾಯದೆ ಹೊರಟುಹೋದಳು. ಅಪ್ಪ ಬೆಲ್ಟು ಬಿಚ್ಚಿದ. ಕಲ್ಲು ಸರಿಪಡಿಸಿ ಮತ್ತೆ ಬೀಸಲು ಒಂದು ಗಂಟೆಯ ಮೇಲಾಯಿತು. ಹಿಟ್ಟನ್ನು ಡಬ್ಬಕ್ಕೆ ತುಂಬಿ ನನ್ನ ತಲೆಯ ಮೇಲೆ ಇಟ್ಟು, ಅವಳ ಮನೆಗೆ ಕೊಟ್ಟು ಬಾ ಎಂದ. ನಾನು ಹೊಸ್ತಿಲು ದಾಟುವಾಗ ಹಿಂತಿರುಗಿ ನೋಡಿದೆ. ಅಪ್ಪ ಮಣೆಯ ಮೇಲೆ ಹತ್ತಿ ಗೋಡೆಯಲ್ಲಿ ಬರೆಯುತ್ತಿದ್ದ. ಒಂದು ಎಂಬುದರ ಮುಂದೆ: ಅಗುಳಿ ಹಾಕಿದ್ದು. ಅಮ್ಮ ಹೊಸ್ತಿಲ ಮೇಲೆ ನಿಂತು ನೋಡುತ್ತಿದ್ದಳು. 

ರತ್ನಕ್ಕನ ಮನೆಯ ಮುಂದೆ ಪುಟ್ಟ ಅಂಗಳ, ಅದಕ್ಕೊಂದು ತಗಡಿನ ಬಾಗಿಲು. ನಾನು ಹೋಗುವಷ್ಟರಲ್ಲಿ ಗಂಡ ಬಂದಿದ್ದ. ಬಿಳಿ ಅಂಗಿ, ಹೊಸ ಚಪ್ಪಲಿ, ಕೈಯಲ್ಲಿ ಮಿಠಾಯಿ ಪೊ‌ಟ್ಟಣ. ಚಲಪತಿ ತಾನು ಎದುರಿಗೆ ಇರಬಾರದೆಂದು ಬೇಕೆಂದೇ ಟೆಂಪೋ ತೆಗೆದುಕೊಂಡು ಕೋಲಾರಕ್ಕೆ ಹೋಗಿದ್ದ. ರತ್ನಕ್ಕ ಬಾಗಿಲಲ್ಲಿ ನಿಂತಿದ್ದಳು, ಗಂಡ ತಂಬಿಗೆ ಎತ್ತಿ ನೀರು ಕುಡಿಯುತ್ತಿದ್ದ. ಬಾಗಿಲಿಗೆ ಬಂದವರಿಗೆ ನೀರು ಕೊಡುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಆದರೂ ನಾನು ಮುಂದೆ ಹೋಗದೆ ಅವನ ಹಿಂದೆಯೇ ನಿಂತುಬಿಟ್ಟೆ. ಅವನು ತಂಬಿಗೆ ವಾಪಸು ಕೊಟ್ಟ.

"ಹೊರಡೋಣ್ವಾ?" ಎಂದ.

 ರತ್ನಕ್ಕ ಅವನ ಹಿಂದೆ ನಿಂತಿದ್ದ ನನ್ನನ್ನು ನೋಡಿದಳು.

"ಹಿಟ್ಟು ತಂದ್ಯಾ ಪದ್ದಿ? ಬಾ ಒಳಕ್ಕೆ."

ಅವನ ಪಕ್ಕದಿಂದ ನುಸುಳಿ ಒಳಗೆ ಹೋದೆ. ನನ್ನ ಹಿಂದೆ ಬಾಗಿಲು ಮುಚ್ಚಿತು, ಅಗುಳಿ ಬಿತ್ತು. ಡಬ್ಬ ಇಳಿಸಿ ತಿರುಗಿ ನೋಡಿದೆ. ಚಿತ್ರದಲ್ಲಿ ತೋರಿಸದೆ ಬಿಟ್ಟ ಮುಖ ನನ್ನ ಮುಂದೆ ಇತ್ತು. ಧೈರ್ಯವಂತೆಯ ಮುಖ ಎಂದು ನಾನು ಅಂದುಕೊಂಡಿದ್ದೆ. ಹಾಗಿರಲಿಲ್ಲ. ಹಲ್ಲು ಕೀಳಿಸಿಕೊಂಡು ಹೊರಗೆ ಬಂದಾಗ ಅಮ್ಮನ ಮುಖ ಹೇಗಿತ್ತೋ ಹಾಗಿತ್ತು. ತುಟಿ ಅವಳ ಹಿಡಿತದಲ್ಲಿರಲಿಲ್ಲ. ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

"ಹೋದ್ನಾ ನೋಡೇ," ಎಂದು ಪಿಸುಗುಟ್ಟಿದಳು.

ತಗಡಿನ ಸಂದಿಯಲ್ಲಿ ನೋಡಿದೆ. ಹೊಸ ಚಪ್ಪಲಿಯ ಕಾಲುಗಳು ಅಲ್ಲೇ ಇದ್ದವು. ಹೋದ ಎಂದುಬಿಡಬೇಕು ಎಂದು ಎಷ್ಟು ಅನ್ನಿಸಿತೆಂದರೆ, ಆ ಮಾತು ಬಾಯಿಗೇ ಬಂದಿತ್ತು.

"ಇಲ್ಲಕ್ಕಾ. ಅಲ್ಲೇ ನಿಂತವ್ನೆ."

ಅವಳು ಬಾಗಿಲಿಗೆ ಬೆನ್ನು ಕೊಟ್ಟು ಮೆಲ್ಲಗೆ ಕೆಳಗೆ ಕೂತಳು.

"ನಿಂತ್ಕೊಳ್ಳಲಿ," ಎಂದಳು. ತಂಬಿಗೆಯನ್ನು ಪಕ್ಕಕ್ಕಿಟ್ಟು, "ನೀನು ಹೋಗ್ಬೇಕಾ? ಊಟದ ಹೊತ್ತು," ಎಂದಳು.

"ಇರ್ತೀನಿ," ಎಂದೆ.

ಅವಳ ಪಕ್ಕದಲ್ಲಿ ನಾನೂ ತಗಡಿಗೆ ಒರಗಿ ಕೂತೆ. ಹೊರಗಿನಿಂದ ಅವನು ಎರಡು ಸಲ ಹೆಸರು ಹಿಡಿದು ಕರೆದ, ಒಮ್ಮೆ ಬೈದ, ಆಮೇಲೆ ಸುಮ್ಮನೆ ನಿಂತ. ಬಿಸಿಲು ಅಂಗಳದ ಅರ್ಧಕ್ಕೆ ಬಂತು. ಒಳಗೆ ಮಗು ಎದ್ದು ಅಮ್ಮನನ್ನು ಕೂಗಿತು. ಕೊನೆಗೆ ಚಪ್ಪಲಿಯ ಸದ್ದು ದೂರವಾಗಿ, ಬೀದಿಯ ತಿರುವಿನಲ್ಲಿ ಕೇಳಿಸದಾಗುವವರೆಗೂ ನಾನು ಏಳಲಿಲ್ಲ.